ಫುಲ್ ಇನ್ಶೂರೆನ್ಸ್ ಎಲ್ಲಿಯವರೆಗೆ ಫುಲ್?

ದಾವಣಗೆರೆ ಪಿ.ಬಿ. ರಸ್ತೆಯಲ್ಲಿ ಒಂದು ಟೈರ್ ಅಂಗಡಿ ಮಹಡಿ ಮೇಲೆ ನನ್ನ ಆಫೀಸು. ಇಪ್ಪತ್ತೆರಡು ವರ್ಷದಿಂದ ಗಾಡಿ ಇನ್ಶೂರೆನ್ಸ್ ಮಾಡಿಸುತ್ತಿದ್ದೇನೆ. ಲಾರಿಯವರು ಬಂದರೆ "ಥರ್ಡ್ ಪಾರ್ಟಿ ಸಾಕು ಸಾರ್" ಅನ್ನುತ್ತಾರೆ, ಅಂದರೆ ನಾವು ಗುದ್ದಿದವನಿಗೆ ಮಾತ್ರ ದುಡ್ಡು ಕೊಡುವ ಪಾಲಿಸಿ. ಹೊಸ ಕಾರಿನವರು ಬಂದರೆ "ಬಂಪರ್ ಟು ಬಂಪರ್ ಹಾಕಿ, ಫುಲ್ ಇರಲಿ" ಅನ್ನುತ್ತಾರೆ. ಫುಲ್ ಅಂದರೆ ನಮ್ಮ ಸ್ವಂತ ಗಾಡಿಯ ಹಾನಿಗೂ ಕೊಡುವುದು. ನಾನೂ ಆಯ್ತು ಫುಲ್ ಅನ್ನುತ್ತೇನೆ. ಆ ಫುಲ್ ಎಲ್ಲಿಗೆ ಮುಗಿಯುತ್ತದೆ ಅಂತ ನನಗೆ ನೆಟ್ಟಗೆ ಅರ್ಥವಾಗಿದ್ದು 2019ರಲ್ಲಿ, ನೇಪಾಳದ ಒಂದು ಚಹಾದಂಗಡಿ ಮುಂದೆ.

ಆ ವರ್ಷ ದೀಪಾವಳಿ ಮುಗಿಸಿಕೊಂಡು ಭಾವಮೈದನ ಜೊತೆ ನನ್ನ ಬೊಲೆರೊದಲ್ಲಿ ಹೊರಟೆ. ನಾಗಪುರ, ಜಬಲ್ಪುರ, ಪ್ರಯಾಗರಾಜ್, ಗೋರಖಪುರ ದಾಟಿ ಸೋನೌಲಿ ಗಡಿ ಮುಟ್ಟಲು ನಾಲ್ಕು ದಿನ ಹಿಡಿಯಿತು. ಗಡಿಯಾಚೆ ಭನ್ಸಾರ್ ಕಚೇರಿ, ಅಂದರೆ ನೇಪಾಳದ ಕಸ್ಟಮ್ಸ್. ಎಷ್ಟು ದಿನ ಗಾಡಿ ಒಳಗಿರುತ್ತದೋ ಅಷ್ಟು ದಿನದ ದುಡ್ಡು ಕಟ್ಟಿ ಚೀಟಿ ತೆಗೆದುಕೊಂಡೆವು. ಬುಟವಲ್ ದಾಟಿ ಪೋಖರಾ ಕಡೆ ಘಾಟಿ ಏರುವಾಗ ಚಹಾ ಕುಡಿಯೋಣ ಅಂತ ಪಕ್ಕಕ್ಕೆ ನಿಲ್ಲಿಸಿದೆವು. ಲೋಟ ಇನ್ನೂ ಕೈಗೆ ಬಂದಿರಲಿಲ್ಲ. ಹಿಂದೆ ತೆಗೆಯುತ್ತಿದ್ದ ಒಂದು ಬಸ್ಸು ನಮ್ಮ ಎಡಗಡೆ ಹಿಂದಿನ ಬಾಗಿಲನ್ನು ಒರೆಸಿಕೊಂಡೇ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಡ್ರೈವರ್ ಇಳಿದು ಕೈ ಮುಗಿದ, ಒಂದಿಷ್ಟು ನೇಪಾಳಿ ರೂಪಾಯಿ ಕೊಟ್ಟ. ಅಲ್ಲಿ ನಮ್ಮ ನೂರು ರೂಪಾಯಿಗೆ ಅವರದ್ದು ನೂರರವತ್ತು. ಹಾಗಾಗಿ ಕೈಯಲ್ಲಿ ನೋಟು ದಪ್ಪ ಕಂಡಿತು, ಲೆಕ್ಕಕ್ಕೆ ಏನೂ ಇರಲಿಲ್ಲ. ನಾನು ಧೈರ್ಯವಾಗಿದ್ದೆ. ಹಿಂದಿನ ವರ್ಷ ಭೂತಾನಿಗೆ ಹೋಗಬೇಕೆಂದು ಪಾಲಿಸಿಯನ್ನು ಹೊರದೇಶಕ್ಕೂ ಹಿಗ್ಗಿಸುವ ಎಕ್ಸ್‌ಟೆನ್ಷನ್ ಹಾಕಿಸಿದ್ದೆ, ನೇಪಾಳದ ಹೆಸರೂ ಅದರಲ್ಲಿತ್ತು. ಆ ಪ್ರವಾಸ ಆಗಿರಲಿಲ್ಲ, ಎಕ್ಸ್‌ಟೆನ್ಷನ್ ಇದ್ದೇ ಇದೆಯಲ್ಲ ಅಂದುಕೊಂಡೆ.

ರಾತ್ರಿ ಹೋಟೆಲಿನಲ್ಲಿ ಪಾಲಿಸಿ ತೆಗೆದು ನೋಡಿದರೆ, ಜಿಯಾಗ್ರಫಿಕಲ್ ಏರಿಯಾ ಅನ್ನುವ ಸಾಲಿನ ಮುಂದೆ ಒಂದೇ ಪದ: ಇಂಡಿಯಾ. ರಿನ್ಯೂವಲ್ ದಿನ ಮರೆತುಹೋಗಿ, ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ದುಡ್ಡು ಕಟ್ಟಿ ಮಲಗಿದ್ದೆ. ಎಕ್ಸ್‌ಟೆನ್ಷನ್ ಹಳೇ ಪಾಲಿಸಿ ಜೊತೆಗೇ ಹೋಗಿತ್ತು. ಊರಿಗೆ ಬಂದು ಶೆಡ್‌ನಲ್ಲಿ ಡೆಂಟಿಂಗ್, ಪೇಂಟಿಂಗ್ ಮಾಡಿಸಿದೆ. 11,400 ರೂಪಾಯಿ, ಕೈಯಿಂದ. ಕ್ಲೇಮ್ ಹಾಕಲೂ ಹೋಗಲಿಲ್ಲ. ನಾನೇ ಏಜೆಂಟು, ಯಾರ ಮುಂದೆ ಹೇಳಲಿ?

ಇದನ್ನೆಲ್ಲ ಬರೆಯುತ್ತಿರುವುದು ತಂಗಿ ಮಗನಿಂದಾಗಿ. ಅವನು ತನ್ನ ಹಳೇ ಡಸ್ಟರ್ ಕಾರನ್ನು ಮುಂಬೈಯಿಂದ ದುಬೈಗೆ ಹಡಗಿಗೆ ಹಾಕಿ, ಇರಾನ್, ತುರ್ಕಿ, ಜಾರ್ಜಿಯಾ, ಬಲ್ಗೇರಿಯಾ ಅಂತ ಐದು ತಿಂಗಳು ಸುತ್ತಿ ಬಂದ. ಹೊರಡುವ ಮುಂಚೆ ಭಾನುವಾರಗಳಂದು ಬೆಣ್ಣೆ ದೋಸೆ ತಿನ್ನುತ್ತಾ ಅವನು ಕೇಳಿದ ಪ್ರಶ್ನೆಗಳಿಗೆ ಉತ್ತರ ಹುಡುಕಿ ಹುಡುಕಿ ನಾನೂ ಕಲಿತೆ. ಈಗ ಅವನನ್ನು ನೋಡಿ ಊರಿನ ಇನ್ನೂ ನಾಲ್ಕು ಹುಡುಗರು ಬಂದು ಕೇಳುತ್ತಿದ್ದಾರೆ. ಎಲ್ಲರಿಗೂ ಸೇರಿ ಒಂದೇ ಸಲ ಹೇಳಿಬಿಡುತ್ತೇನೆ.

ಮೊದಲು ಒಂದು ಪ್ರಶ್ನೆ ಕಲಿಯಿರಿ

ದೇಶ ದಾಟುವಾಗ ಕೈಗೆ ಹತ್ತಾರು ಕಾಗದ ಬರುತ್ತವೆ. ಎಲ್ಲದಕ್ಕೂ ಸೀಲು ಇರುತ್ತದೆ, ಎಲ್ಲದಕ್ಕೂ ದುಡ್ಡು ಕಟ್ಟಿರುತ್ತೀರಿ. ಹಾಗಾಗಿ ಎಲ್ಲವೂ ಇನ್ಶೂರೆನ್ಸ್ ಹಾಗೇ ಕಾಣುತ್ತವೆ. ಪ್ರತಿ ಕಾಗದ ಹಿಡಿದು ಕೇಳಿ: ನಾಳೆ ಏನಾದರೂ ಆದರೆ ಇದು ಯಾರಿಗೆ ದುಡ್ಡು ಕೊಡುತ್ತದೆ? ನಾನು ಗುದ್ದಿದವನಿಗಾ, ಸರ್ಕಾರಕ್ಕಾ, ನನಗಾ? ಭನ್ಸಾರ್ ಚೀಟಿ ಯಾರಿಗೂ ಕೊಡುವುದಿಲ್ಲ, ಅದು ಬರೀ ಅನುಮತಿ. ಗಡಿಯಲ್ಲಿ ಕೊಳ್ಳುವ ಇನ್ಶೂರೆನ್ಸ್ ಗುದ್ದಿಸಿಕೊಂಡವನಿಗೆ ಕೊಡುತ್ತದೆ. ಕಾರ್ನೆ ಅನ್ನುವ ಪುಸ್ತಕ ಆ ದೇಶದ ಕಸ್ಟಮ್ಸ್‌ಗೆ ಕೊಡುತ್ತದೆ, ಆಮೇಲೆ ನಿಮ್ಮಿಂದ ವಸೂಲಿ ಮಾಡುತ್ತದೆ. ನಿಮ್ಮ ಸ್ವಂತ ಗಾಡಿಗೆ ಕೊಡುವ ಕಾಗದ ಬಹಳ ಸಲ ಆ ಕಟ್ಟಿನಲ್ಲಿ ಇರುವುದೇ ಇಲ್ಲ.

ಪಕ್ಕದ ದೇಶಗಳಿಗೆ

ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್. ಈ ಆರು ದೇಶಗಳಿಗೆ ನಮ್ಮ ಪಾಲಿಸಿಯನ್ನೇ ಹಿಗ್ಗಿಸಬಹುದು. ಹಿಗ್ಗಿಸುವ ಆ ಬರಹಕ್ಕೆ ಐಎಂಟಿ 1 ಅಂತ ಹೆಸರು. 2002ರ ಇಂಡಿಯಾ ಮೋಟಾರ್ ಟಾರಿಫ್ ಪುಸ್ತಕದಲ್ಲಿ ಇದಕ್ಕೆ ಫುಲ್ ಪಾಲಿಸಿಗಾದರೆ 500 ರೂಪಾಯಿ, ಬರೀ ಥರ್ಡ್ ಪಾರ್ಟಿಗಾದರೆ 100 ರೂಪಾಯಿ. ಈಗ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇರಬಹುದು, ಮೇಲೆ ಜಿಎಸ್‌ಟಿ ಬೇರೆ ಸೇರಬಹುದು. ಆದರೂ ಇಷ್ಟು ಅಗ್ಗಕ್ಕೆ ಇಷ್ಟು ದೊಡ್ಡ ಲಾಭ ನನ್ನ ವ್ಯಾಪಾರದಲ್ಲಿ ಬೇರೆ ನೋಡಿಲ್ಲ. ನಾನು 11,400 ಕೊಟ್ಟಿದ್ದು ಇದನ್ನು ಮರೆತಿದ್ದಕ್ಕೇ.

ಮೊಬೈಲಿನಲ್ಲಿ ಪಾಲಿಸಿ ಕೊಳ್ಳುವಾಗ ಈ ಆಯ್ಕೆ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಪಾಲಿಸಿ ಕೊಟ್ಟ ಬ್ರಾಂಚಿಗೆ ಹೋಗಿ, ಇಲ್ಲವೇ ಮೇಲ್ ಕಳಿಸಿ. ಗಾಡಿ ನಂಬರು, ಪಾಲಿಸಿ ನಂಬರು, ಯಾವ ದೇಶ, ಯಾವ ತಾರೀಖಿನಿಂದ ಯಾವ ತಾರೀಖಿಗೆ, ಇಷ್ಟು ಬರೆದು ಆರ್‌ಸಿ ನಕಲು ಲಗತ್ತಿಸಿದರೆ ಸಾಕು. ಹೊರಡುವ ಹದಿನೈದು ದಿನ ಮುಂಚೆ ಮಾಡಿ. ಕೌಂಟರಿನಲ್ಲಿ "ಆಗುತ್ತೆ ಬಿಡಿ ಸಾರ್" ಅಂದರೆ ನಂಬಬೇಡಿ. ಎಂಡಾರ್ಸ್‌ಮೆಂಟ್ ಅಂತ ಪ್ರಿಂಟಾದ ಹಾಳೆ ಕೈಗೆ ಬರಬೇಕು, ಅದರಲ್ಲಿ ನೀವು ಹೋಗುವ ದೇಶದ ಹೆಸರು ಇರಬೇಕು.

ಇಲ್ಲೊಂದು ಸಿಕ್ಕು ಇದೆ. 2018ರ ಸೆಪ್ಟೆಂಬರ್ ಆದ ಮೇಲೆ ಹೊಸ ಕಾರಿಗೆ ಮೂರು ವರ್ಷದ, ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕೊಳ್ಳಬೇಕು ಅಂತಾಯಿತು. ಮುಂದಿನ ವರ್ಷದಿಂದ ಗಾಡಿಯ ಸ್ವಂತ ಹಾನಿಯ ಪಾಲಿಸಿಯನ್ನು ಬೇರೆ ಕಂಪನಿಯಲ್ಲಿ ಮಾಡಿಸಲೂ ಬಂತು. ಹಾಗಾಗಿ ಈಗ ಎಷ್ಟೋ ಗಾಡಿಗೆ ಎರಡು ಕಂಪನಿಯ ಎರಡು ಪಾಲಿಸಿ. ಒಂದಕ್ಕೆ ಎಕ್ಸ್‌ಟೆನ್ಷನ್ ಹಾಕಿಸಿ ಇನ್ನೊಂದನ್ನು ಬಿಟ್ಟರೆ ಅರ್ಧ ಮಾತ್ರ ಗಡಿ ದಾಟುತ್ತದೆ. ಎರಡೂ ಕಡೆ ಹಾಕಿಸಿ.

ಇನ್ನೊಂದು. ಶ್ರೀಲಂಕಾ, ಮಾಲ್ಡೀವ್ಸ್ ಹೆಸರು ಪಟ್ಟಿಯಲ್ಲಿ ಇದೆ ನಿಜ. ಆದರೆ ಗಾಡಿ ಹಡಗಿನ ಮೇಲೋ ವಿಮಾನದಲ್ಲೋ ಇರುವ ಹೊತ್ತಿಗೆ ಈ ಎಕ್ಸ್‌ಟೆನ್ಷನ್ ಲೆಕ್ಕಕ್ಕಿಲ್ಲ ಅಂತ ಅದರಲ್ಲೇ ಬರೆದಿದೆ. ದಡದಿಂದ ದಡಕ್ಕೆ ಮಧ್ಯದ ನೀರು ನಿಮ್ಮದು. ಪಾಕಿಸ್ತಾನದ ಹೆಸರೂ ಇದೆ, ಅದು ಸುಮ್ನೆ ಇದೆ ಅಂತ ಇಟ್ಟುಕೊಳ್ಳಿ.

ಅದಕ್ಕಿಂತ ದೂರ ಹೋದರೆ

ಇಲ್ಲಿಂದ ಮುಂದೆ ನಮ್ಮ ಪಾಲಿಸಿ ಕೆಲಸಕ್ಕೆ ಬರುವುದಿಲ್ಲ. ಪ್ರತಿ ದೇಶದಲ್ಲೂ ಅಲ್ಲಿಯ ಥರ್ಡ್ ಪಾರ್ಟಿ ಕೊಳ್ಳಬೇಕು. ಸಾಮಾನ್ಯವಾಗಿ ಗಡಿಯಲ್ಲೇ ಸಿಗುತ್ತದೆ, ಕಸ್ಟಮ್ಸ್ ಕಿಟಕಿ ಪಕ್ಕ ಒಂದು ಪುಟ್ಟ ಕಟ್ಟಡ, ಒಳಗೆ ಒಬ್ಬ ಮನುಷ್ಯ, ಒಂದು ಪ್ರಿಂಟರ್. ಜಾರ್ಜಿಯಾದಲ್ಲಿ 2018ರ ಮಾರ್ಚ್ 1ರಿಂದ ಹೊರದೇಶದ ಗಾಡಿಗಳಿಗೆಲ್ಲ ಇದು ಕಡ್ಡಾಯ, ಆನ್‌ಲೈನಲ್ಲೂ ಕೊಳ್ಳಬಹುದು. ಅಳಿಯ ಹಿಂದಿನ ದಿನ ರಾತ್ರಿಯೇ ಕೊಂಡು, ಪ್ರಿಂಟ್ ತೆಗೆಸಿಕೊಂಡು ಗಡಿಗೆ ಹೋದ.

ಯುರೋಪಿನಲ್ಲಿ ಗ್ರೀನ್ ಕಾರ್ಡ್ ಅಂತ ಒಂದು ಏರ್ಪಾಡು. 1953ರ ಜನವರಿ 1ರಿಂದ ನಡೆಯುತ್ತಿದೆ. ಒಂದು ದೇಶದಲ್ಲಿ ಮಾಡಿಸಿದ ಥರ್ಡ್ ಪಾರ್ಟಿಯನ್ನು ಕೂಟದ ಬೇರೆ ದೇಶವೂ ಒಪ್ಪಿಕೊಳ್ಳುತ್ತದೆ. ತುರ್ಕಿ, ಇರಾನ್ ಕೂಡ ಆ ಕೂಟದಲ್ಲಿವೆ. ಹೆಸರು ಗ್ರೀನ್ ಆದರೂ 2020ರ ಜುಲೈಯಿಂದ ಬಿಳಿ ಹಾಳೆ ಮೇಲೆ ಪ್ರಿಂಟ್ ಮಾಡಿದರೂ ನಡೆಯುತ್ತದೆ. ಆದರೆ ಭಾರತ ಆ ಕೂಟದಲ್ಲಿ ಇಲ್ಲ. ಕೆಎ-17 ನಂಬರಿನ ಗಾಡಿಗೆ ದಾವಣಗೆರೆಯಲ್ಲಿ ಕೂತು ಗ್ರೀನ್ ಕಾರ್ಡ್ ಮಾಡಿಸಿಕೊಡುತ್ತೇನೆ ಅಂತ ಯಾರಾದರೂ ಅಂದರೆ ದುಡ್ಡು ಕೊಡಬೇಡಿ. ನಮಗಿರುವುದು ಗಡಿ ಇನ್ಶೂರೆನ್ಸ್. ತುರ್ಕಿಯಿಂದ ಬಲ್ಗೇರಿಯಾಕ್ಕೆ ಕಾಲಿಡುವಾಗ ಒಂದು ಸಲ ಕೊಂಡರೆ ಅದು ಯುರೋಪಿಯನ್ ಯೂನಿಯನ್ನಿನ ಎಲ್ಲ ದೇಶಕ್ಕೂ ನಡೆಯುತ್ತದೆ. ಕೊಂಡ ಮೇಲೆ ದೇಶಗಳ ಹೆಸರು, ಕೊನೇ ತಾರೀಖು, ಗಾಡಿ ನಂಬರು ಮೂರನ್ನೂ ಅಲ್ಲೇ ನಿಂತು ಓದಿ. ನಮ್ಮ ನಂಬರ್ ಪ್ಲೇಟು ಅವರಿಗೆ ಹೊಸದು. ಅಳಿಯನ ಚೀಟಿಯಲ್ಲಿ ಒಂದು ಕಡೆ ಕೆಎ ಬಿಟ್ಟುಹೋಗಿ ಬರೀ 17ರಿಂದ ಶುರುವಾಗಿತ್ತು. ಹಿಂದೆ ಕ್ಯೂ ಬೆಳೆಯುತ್ತಿದ್ದರೂ ತಿದ್ದಿಸಿಕೊಂಡೇ ಬಂದ. ಹುಡುಗ ಜಾಣ.

ಅರಬ್ ದೇಶಗಳಲ್ಲಿ ಇಂಥದ್ದೇ ಆರೆಂಜ್ ಕಾರ್ಡ್ ಇದೆ. ಆಫ್ರಿಕಾದ ಪೂರ್ವ, ದಕ್ಷಿಣ ಭಾಗದ ಹಲವು ದೇಶಗಳಿಗೆ ಕೊಮೆಸಾ ಯೆಲ್ಲೋ ಕಾರ್ಡ್, ಪಶ್ಚಿಮದವರಿಗೆ ಬ್ರೌನ್ ಕಾರ್ಡ್. ಮೊದಲ ದೇಶದಲ್ಲಿ ಥರ್ಡ್ ಪಾರ್ಟಿ ಕೊಳ್ಳುವಾಗಲೇ ಈ ಕಾರ್ಡ್ ಕೊಡುತ್ತೀರಾ ಅಂತ ಕೇಳಿ. ಮುಂದಿನ ಗಡಿಗಳಲ್ಲಿ ಒಂದೊಂದು ಕ್ಯೂ ಉಳಿಯುತ್ತದೆ.

ಥರ್ಡ್ ಪಾರ್ಟಿ ಅಂದರೆ ನಮ್ಮಲ್ಲಿ ಎದುರಿನವನ ಕೈಕಾಲಿಗೂ ಆಗುತ್ತದೆ, ಗಾಡಿಗೂ ಆಗುತ್ತದೆ. ಎಲ್ಲ ಕಡೆ ಹಾಗಲ್ಲ. ಥಾಯ್ಲೆಂಡಿನ ಕಡ್ಡಾಯ ಇನ್ಶೂರೆನ್ಸನ್ನು ಅಲ್ಲಿಯವರು ಪೊ ರೊ ಬೊ ಅನ್ನುತ್ತಾರೆ. ಅದು ಜನರ ಗಾಯಕ್ಕೆ, ಸಾವಿಗೆ ಮಾತ್ರ. ಎದುರಿನ ಕಾರಿನ ಬಾನೆಟ್ ನಿಮ್ಮ ಜೇಬಿನಿಂದ. ಅಲ್ಲಿ ಅದರ ಜೊತೆಗೆ ಸ್ವಂತ ಇಚ್ಛೆಯ ಇನ್ನೊಂದು ಪಾಲಿಸಿಯನ್ನೂ ಕೊಳ್ಳಬೇಕು. (ಅಲ್ಲಿಗೆ ಮ್ಯಾನ್ಮಾರ್ ಮೂಲಕ ಹೋಗುತ್ತಿದ್ದ ದಾರಿಯನ್ನು 2021ರಿಂದ ಈಚೆಗೆ ನೆಚ್ಚಿಕೊಳ್ಳುವ ಹಾಗಿಲ್ಲ.) ದಕ್ಷಿಣ ಆಫ್ರಿಕಾದ್ದು ಇನ್ನೂ ಮಜಾ. ಪೆಟ್ರೋಲ್, ಡೀಸೆಲ್ ಬೆಲೆಯಲ್ಲೇ ಒಂದು ಪಾಲು ತೆಗೆದು ರಸ್ತೆ ಅಪಘಾತ ನಿಧಿಗೆ ಹಾಕುತ್ತಾರೆ. ಟ್ಯಾಂಕ್ ತುಂಬಿಸಿದರೆ ಇನ್ಶೂರೆನ್ಸ್ ಆದ ಹಾಗೆ. ಆದರೆ ಅದೂ ಮೈಗಾದ ಗಾಯಕ್ಕೆ ಮಾತ್ರ, ಗಾಡಿಗಲ್ಲ.

ನಿಮ್ಮ ಸ್ವಂತ ಗಾಡಿಯ ವಿಷಯ

ನಿಜ ಹೇಳುತ್ತೇನೆ. ಗಡಿಯಲ್ಲಿ ಕೊಂಡ ಚೀಟಿ ನಿಮ್ಮ ಗಾಡಿಗೆ ಒಂದು ಪೈಸೆ ಕೊಡುವುದಿಲ್ಲ. ಪಕ್ಕದ ಆ ಆರು ದೇಶ ಬಿಟ್ಟು ಆಚೆ ಹೋದ ಮೇಲೆ ನಮ್ಮ ಪಾಲಿಸಿಯೂ ಕೊಡುವುದಿಲ್ಲ. ಹೊರದೇಶದಲ್ಲಿ ಸ್ವಂತ ಹಾನಿಗೆ ಪಾಲಿಸಿ ಕೊಡುವ ಕಂಪನಿಗಳನ್ನು ಅಳಿಯ ಹುಡುಕಿದ. ಪ್ರೀಮಿಯಂ ಕೇಳಿ ಸುಮ್ಮನಾದ. ಆಮೇಲೆ ನಾವಿಬ್ಬರೂ ಕೂತು ಒಂದು ಲೆಕ್ಕ ಹಾಕಿದೆವು. ಎಂಟು ವರ್ಷದ ಡಸ್ಟರ್, ಮಾರಿದರೆ ಎಷ್ಟು ಬರುತ್ತದೆ? ಪೂರ್ತಿ ಹೋಯಿತು ಅಂತಲೇ ಇಟ್ಟುಕೊಂಡರೆ ಮನೆ ತಡೆದುಕೊಳ್ಳುತ್ತದಾ? ತಡೆದುಕೊಳ್ಳುತ್ತದೆ ಅನ್ನಿಸಿತು. ಪ್ರೀಮಿಯಂ ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟು ರಿಪೇರಿಗೆ ಅಂತ ಹೆಸರು ಹಾಕಿದ. ಹೊಸ ಗಾಡಿ, ಮೈತುಂಬ ಸಾಲ ಇದ್ದರೆ ನಾನು ಈ ಸಲಹೆ ಕೊಡುತ್ತಿರಲಿಲ್ಲ. ಸಾಲ ಇದ್ದರೆ ಬ್ಯಾಂಕಿನಿಂದ ಎನ್‌ಒಸಿಯೂ ಬೇಕು, ಅದನ್ನು ಎಲ್ಲಕ್ಕಿಂತ ಮೊದಲು ಕೇಳಿ.

ಕಾರ್ನೆ ಪುಸ್ತಕದ ಕಥೆ

ಇರಾನ್, ಈಜಿಪ್ಟ್, ಆಸ್ಟ್ರೇಲಿಯಾದಂಥ ದೇಶಗಳಿಗೆ ಗಾಡಿ ಒಯ್ಯಲು ಕಾರ್ನೆ ದ ಪ್ಯಾಸಾಜ್ ಅನ್ನುವ ಪುಸ್ತಕ ಬೇಕು. ನಮ್ಮಲ್ಲಿ ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಕೊಡುತ್ತದೆ. ಒಂದು ವರ್ಷ ಬಾಳಿಕೆ. ಒಂದೊಂದು ಪುಟಕ್ಕೂ ಮೂರು ತುಂಡು. ಒಳಗೆ ಹೋಗುವಾಗ ಒಂದು ಹರಿದುಕೊಳ್ಳುತ್ತಾರೆ, ಹೊರಗೆ ಬರುವಾಗ ಒಂದು, ಮೂರನೆಯದು ಎರಡು ಸೀಲಿನ ಸಮೇತ ನಿಮ್ಮ ಹತ್ತಿರ ಉಳಿಯುತ್ತದೆ. ಗಾಡಿಯ ಬೆಲೆಗೂ ಹೋಗುವ ದೇಶಕ್ಕೂ ತಕ್ಕ ಹಾಗೆ ಬ್ಯಾಂಕ್ ಗ್ಯಾರಂಟಿ ಕೊಡಬೇಕು. ಅಳಿಯನ ಗ್ಯಾರಂಟಿಗೆ ನನ್ನ ತಂಗಿ ತನ್ನ ಎಫ್‌ಡಿ ಇಟ್ಟಳು. ಬೀರುವಿನಿಂದ ರಸೀದಿ ತೆಗೆದುಕೊಡುವಾಗ ನನ್ನನ್ನೇ ಗುರಾಯಿಸಿದಳು. "ಅಣ್ಣ, ಇದು ಇನ್ಶೂರೆನ್ಸಾ?"

ಅಲ್ಲ. ತಿರುಗಿಸಿ ನೋಡಿದರೆ ಅದು ಇನ್ಶೂರೆನ್ಸಿನ ಉಲ್ಟಾ. ಗಾಡಿ ಹೊರಗೆ ಹೋಗದೇ ಅಲ್ಲೇ ಉಳಿದರೆ ಆಮದು ಸುಂಕ ಕಟ್ಟು ಅಂತ ಆ ದೇಶ ಕೇಳುತ್ತದೆ, ಎಫ್‌ಡಿಯಿಂದ ಹೋಗುತ್ತದೆ. ಇಲ್ಲಿಯೇ ಜನ ಎಡವುವುದು. ಅಪಘಾತವಾಗಿ ಗಾಡಿ ಜಜ್ಜಿಹೋಯಿತು, ಇನ್ನು ಇದನ್ನು ಇಲ್ಲೇ ಬಿಟ್ಟು ವಿಮಾನ ಹತ್ತೋಣ ಅಂದರೆ ಆಗುವುದಿಲ್ಲ. ಗಾಡಿಯೂ ಹೋಯಿತು, ಸುಂಕವೂ ತಲೆ ಮೇಲೆ ಬಂತು. ಕಳ್ಳತನವಾದರೂ ಅಷ್ಟೇ. ಅಂಥ ಹೊತ್ತಿನಲ್ಲಿ ಪೊಲೀಸ್ ರಿಪೋರ್ಟು ತೆಗೆದುಕೊಳ್ಳಿ, ಅಲ್ಲಿಯ ಕಸ್ಟಮ್ಸ್‌ಗೆ ಬರವಣಿಗೆಯಲ್ಲಿ ತಿಳಿಸಿ, ಕಾರ್ನೆ ಕೊಟ್ಟವರಿಗೆ ಅದೇ ದಿನ ಮೇಲ್ ಹಾಕಿ. ಗುಜರಿಗೆ ಹಾಕುವುದಾದರೆ ಕಸ್ಟಮ್ಸ್‌ನವರ ಸಮಕ್ಷಮ ಹಾಕಿಸಿ ಅದರ ಪತ್ರ ಪಡೆಯಿರಿ.

ಹಡಗಿನ ಮೇಲೆ

ಮುಂಬೈಯಿಂದ ದುಬೈಯ ಜೆಬೆಲ್ ಅಲಿ ಬಂದರಿಗೆ ಗಾಡಿ ಹಡಗೇರಿದ ಕ್ಷಣದಿಂದ ಅದು ಗಾಡಿ ಅಲ್ಲ, ಸರಕು. ಹಾಗಾಗಿ ಮರೈನ್ ಪಾಲಿಸಿ ಬೇಕು. ಇದರಲ್ಲಿ ಎ, ಬಿ, ಸಿ ಅಂತ ಮೂರು ಬಗೆ. ಸಿ ಅಗ್ಗ, ಹಡಗು ಮುಳುಗುವುದು, ಬೆಂಕಿ ಬೀಳುವುದು, ಇಂಥ ದೊಡ್ಡ ಅನಾಹುತಕ್ಕೆ ಮಾತ್ರ. ಗೀರು, ತಗ್ಗು, ಕಳ್ಳತನ ಎಲ್ಲ ಬೇಕೆಂದರೆ ಎ. ಗಾಡಿಯೊಳಗೆ ಇಟ್ಟ ಟೆಂಟು, ಸ್ಟೌ, ಚಕ್ಕುಲಿ ಡಬ್ಬಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಬೆಲೆ ಬಾಳುವುದನ್ನು ಕೈಯಲ್ಲೇ ಒಯ್ಯಿರಿ.

"ಹಡಗು ಮುಳುಗುತ್ತಾ ಮಾಮ, ಸುಮ್ನೆ ಯಾಕೆ ಖರ್ಚು" ಅಂದ ಅಳಿಯ. ನಾನು 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡ ಎವರ್ ಗಿವನ್ ಹಡಗಿನ ವಿಷಯ ಹೇಳಿದೆ. ಅದು ಮುಳುಗಲಿಲ್ಲ. ಆದರೂ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಅಂದರೆ ಹಡಗನ್ನು ಬಿಡಿಸಿದ ಖರ್ಚನ್ನು ಹಡಗಿನವರು, ಸರಕಿನವರು ಎಲ್ಲರೂ ಪಾಲು ಹಂಚಿಕೊಳ್ಳಬೇಕು. ನಿಮ್ಮ ಸರಕಿಗೆ ಒಂದು ಗೀರೂ ಬೀಳದಿದ್ದರೂ ಪಾಲು ಕೊಟ್ಟೇ ಬಿಡಿಸಿಕೊಳ್ಳಬೇಕು. ಮರೈನ್ ಪಾಲಿಸಿ ಇದ್ದರೆ ಆ ಪಾಲನ್ನು ಅದು ನೋಡಿಕೊಳ್ಳುತ್ತದೆ, ಸಿ ಬಗೆಯದ್ದಾದರೂ ಸರಿ. ಎ ಮಾಡಿಸಿದ. ಬಂದರಿನಲ್ಲಿ ಗಾಡಿ ಒಪ್ಪಿಸುವ ಮುಂಚೆ ನಾಲ್ಕೂ ಮಗ್ಗುಲು, ಮೀಟರ್, ಒಳಗೆ ಎಲ್ಲ ತಾರೀಖು ಬೀಳುವ ಹಾಗೆ ಫೋಟೊ ತೆಗೆದ. ಆ ಕಡೆ ಬಿಡಿಸಿಕೊಳ್ಳುವಾಗ ಗೀರು ಕಂಡರೆ, ಸಹಿ ಹಾಕುವ ಮುಂಚೆ ಅದೇ ಕಾಗದದ ಮೇಲೆ ಬರೆಯಿಸಿ.

ಹೊರಡುವ ಮುಂಚೆ ಮತ್ತು ಗುದ್ದಾಟ ಆದಾಗ

ಪಾಲಿಸಿ ಮಧ್ಯದಲ್ಲಿ ಮುಗಿಯುವ ಹಾಗಿದ್ದರೆ ಹೊರಡುವ ಮುಂಚೆಯೇ ರಿನ್ಯೂ ಮಾಡಿಸಿ. ಮುಗಿದುಹೋದರೆ ಗಾಡಿ ತೋರಿಸಿ ಇನ್‌ಸ್ಪೆಕ್ಷನ್ ಮಾಡಿಸಬೇಕಾಗುತ್ತದೆ, ಗಾಡಿ ನೋಡಿದರೆ ತುರ್ಕಿಯಲ್ಲಿರುತ್ತದೆ. ತೊಂಬತ್ತು ದಿನ ದಾಟಿದರೆ ನೋ ಕ್ಲೇಮ್ ಬೋನಸ್ಸೂ, ಅಂದರೆ ಕ್ಲೇಮ್ ಹಾಕದೇ ಇದ್ದದ್ದಕ್ಕೆ ಸಿಗುವ ರಿಯಾಯಿತಿಯೂ ಹೋಗುತ್ತದೆ. ಆರ್‌ಟಿಒ ಕಚೇರಿಯಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ತೆಗೆಸಿ, ಅರ್ಜಿ ಫಾರಂ 4ಎ, ಬಾಳಿಕೆ ಒಂದು ವರ್ಷ. ಜೊತೆಯವರೂ ಓಡಿಸುವುದಾದರೆ ಅವರಿಗೂ ಬೇಕು. ಲೈಸೆನ್ಸ್ ಸರಿ ಇಲ್ಲದೇ ಓಡಿಸಿದರೆ ಯಾವ ಪಾಲಿಸಿಯೂ ಕೈ ಹಿಡಿಯುವುದಿಲ್ಲ. ನಿಮ್ಮ ಮೈಗೆ, ಆಸ್ಪತ್ರೆಗೆ ಟ್ರಾವೆಲ್ ಇನ್ಶೂರೆನ್ಸ್ ಬೇರೆಯೇ ಮಾಡಿಸಿ. ಅದರಲ್ಲಿ ಸ್ವಂತ ಗಾಡಿ ಓಡಿಸುವಾಗಿನ ಅಪಘಾತ ಸೇರಿದೆಯೇ ಅಂತ ಓದಿ.

ಗುದ್ದಾಟ ಆದರೆ ಮೊದಲು ಗಾಡಿ ಸರಿಸಬೇಡಿ. ಫೋಟೊ, ಎದುರಿನವನ ನಂಬರು, ಅವನ ಇನ್ಶೂರೆನ್ಸ್ ಚೀಟಿಯ ಫೋಟೊ. ಪೊಲೀಸ್ ಬರಲಿ. ಗೊತ್ತಿಲ್ಲದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ. ಹಾಕಲೇಬೇಕಾದರೆ ಪಕ್ಕದಲ್ಲಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ "ಓದಲು ಬಂದಿಲ್ಲ" ಅಂತ ಬರೆದು ಹಾಕಿ. ನೇಪಾಳ, ಭೂತಾನಿನಲ್ಲಿ ಎಕ್ಸ್‌ಟೆನ್ಷನ್ ಇದ್ದರೆ ಅಲ್ಲಿಂದಲೇ ನಮ್ಮ ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರು ತೆಗೆದುಕೊಳ್ಳಿ, ಅವರು ಹೇಳುವ ಮುಂಚೆ ಬಾಗಿಲು ಬಿಚ್ಚಿಸಬೇಡಿ. ಕ್ಯಾಶ್‌ಲೆಸ್ ನೆಚ್ಚಬೇಡಿ, ರಿಪೇರಿ ದುಡ್ಡು ಕೈಯಲ್ಲಿರಲಿ, ಬಿಲ್ಲು ಜೋಪಾನ. ನನ್ನ ಹಾಗೆ ಕೊಟ್ಟ ನೋಟು ಜೇಬಿಗೆ ಹಾಕಿಕೊಂಡು ಚಹಾ ಕುಡಿಯುತ್ತಾ ಕೂರಬೇಡಿ.

ಕೊನೆಗೊಂದು ಕೆಲಸ. ಗಾಡಿ ಮುಂಬೈಗೆ ವಾಪಸ್ ಬಂದಾಗ ಕಾರ್ನೆಗೆ ನಮ್ಮ ಕಸ್ಟಮ್ಸ್ ಸೀಲು ಬೀಳಬೇಕು. ಪುಸ್ತಕವನ್ನು ಕೊಟ್ಟವರಿಗೆ ಮರಳಿಸಬೇಕು. ಅವರು ಪ್ರತಿ ಪುಟದ ಎರಡೂ ಸೀಲು ಸರಿ ಇವೆಯಾ ಅಂತ ನೋಡಿ ಗ್ಯಾರಂಟಿ ಬಿಡುತ್ತಾರೆ. ಅಳಿಯ ಮನೆಗೆ ಬಂದ ಖುಷಿಯಲ್ಲಿ ಪುಸ್ತಕವನ್ನು ಡಸ್ಟರ್ ಡ್ಯಾಶ್‌ಬೋರ್ಡಿನಲ್ಲೇ ಮೂರು ವಾರ ಬಿಟ್ಟಿದ್ದ. ಅದು ಗೊತ್ತಾದ ದಿನ ತಂಗಿ ಅವನಿಗೆ ಊಟ ಬಡಿಸಲಿಲ್ಲ. ಮಾರನೇ ದಿನ ಬೆಳಗ್ಗೆ ಹದಡಿ ರಸ್ತೆಯ ಕೊರಿಯರ್ ಅಂಗಡಿ ಬಾಗಿಲು ತೆಗೆಯುವ ಮುಂಚೆ ನಾವಿಬ್ಬರೂ ಅಲ್ಲಿ ನಿಂತಿದ್ದೆವು.